ಮೂರನೆಯ ಮಗನ ವಂಶ

ನಾಯಕ ಮನೆತನದ ಮೂಲಪುರುಷ ಬೀರನಾಯಕನಿಂದ ಹಿಡಿದು ಇಪ್ಪತ್ತೊಂದು ತಲೆಮಾರುಗಳ ಹೆಸರನ್ನು ಮಾಳಪ್ಪ ಒಂದೇ ಉಸಿರಿಗೆ ಹೇಳಬಲ್ಲ. ಹನ್ನೊಂದು ವರ್ಷಗಳಿಂದ ಹೈಸ್ಕೂಲಿನ ಸಂಸ್ಥಾಪನಾ ದಿನದಂದು ಅದನ್ನು ವೇದಿಕೆಯ ಮೇಲೆ ಹೇಳುವ ಕೆಲಸ ಅವನದೇ. ಅವನು ಹೇಳಿ ಮುಗಿಸಿದ ಮೇಲೆ ಶಾಲೆ ನಡೆಸುವ ನಾಯಕ ಮನೆತನದವರು ಶಾಲು ಹೊದೆಸಿಕೊಳ್ಳುತ್ತಿದ್ದರು. ಅವನು ಮೈಕಿನ ವೈರು ಸುತ್ತುತ್ತಿದ್ದ.

ಅವನು ತಾಸಿನ ಲೆಕ್ಕದ ಇತಿಹಾಸ ಮಾಸ್ತರ. ಪಾಠ ಮಾಡಿದ ತಾಸಿಗಷ್ಟೇ ಸಂಬಳ, ಬೇಸಿಗೆ ರಜೆಗೆ ಏನೂ ಇಲ್ಲ. ಮೂರು ಕಡೆ ಹೆಣ್ಣು ನೋಡಿದ್ದ. ಮೂರೂ ಕಡೆ ಒಂದೇ ಪ್ರಶ್ನೆ, ಕಾಯಂ ಆಗೇತೇನು? ಈ ಜೂನ್‌ನಲ್ಲಿ ಇತಿಹಾಸದ ಕಾಯಂ ಜಾಗ ಖಾಲಿಯಾಗುವುದಿತ್ತು. ಆಗಸ್ಟಿನಲ್ಲಿ ಅವನ ವಯೋಮಿತಿ ಮುಗಿಯುವುದಿತ್ತು. ನಡುವೆ ಇದ್ದದ್ದು ಸಂಸ್ಥೆಯ ಘಟನೆಯ, ಅಂದರೆ ನಿಯಮಾವಳಿಯ, ಒಂದು ಸಾಲು: ಬೀರನಾಯಕನ ವಂಶದಲ್ಲಿ ಅರ್ಹರಿದ್ದರೆ ಜಾಗ ಮೊದಲು ಅವರಿಗೆ. ಅರ್ಹರಿಲ್ಲದಿದ್ದರೆ ಚೇರಮನ್ನರ ಮರ್ಜಿ. ಆ ಮರ್ಜಿ ಮಾಳಪ್ಪನ ಕಡೆಗಿಲ್ಲ ಎಂಬುದು ಶಾಲೆಯಿದ್ದ ಶೇಗಾಂವದ ಚಹಾದಂಗಡಿಯವನಿಗೂ ಗೊತ್ತಿತ್ತು.

"ಏನ್ರಿ ತಾಸಿನ ಮಾಸ್ತರ, ಹನ್ನೊಂದ ವರ್ಷ ಆತು, ನಿಮ್ಮ ಗಡಿಯಾರ ಇನ್ನೂ ಒಂದ ಗಂಟೀನ ತೋರಸ್ತೈತಲ್ರಿ" ಎಂದು ಚೇರಮನ್ ತುಕಾರಾಮ ನಾಯಕ ಎಲ್ಲರೆದುರು ನಕ್ಕಿದ್ದ. ಸ್ಟಾಫ್ ರೂಮೂ ನಕ್ಕಿತು. ಮಾಳಪ್ಪನೂ ನಕ್ಕ. ತನ್ನ ಆ ನಗುವೇ ಅವನ ತಲೆಯಲ್ಲಿ ಬಹಳ ದಿನ ಉಳಿಯಿತು.

ಉಪಾಯ ಹೊಳೆದದ್ದು ಹಳೆಯ ಓದಿನಿಂದ. ಸಾಂಗಲಿಯ ಹಾಸ್ಟೆಲಿನ ಲೈಬ್ರರಿಯಲ್ಲಿ, ಯಾರೂ ಮುಟ್ಟದ ಕಪಾಟಿನಲ್ಲಿ, ಯುರೋಪಿನ ಫ್ರಾಂಕರ ಕಾಲದ ಒಬ್ಬ ಸರದಾರನ ವಂಶದ ಮೇಲೆ ದಪ್ಪ ಪುಸ್ತಕವೊಂದಿತ್ತು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಮನುಷ್ಯನ ಅಪ್ಪ ಯಾರೆಂದು ಹೇಳುವ ಕಾಗದವೇ ಇರಲಿಲ್ಲ. ಆದರೂ ಪಂಡಿತರು ಅಪ್ಪನನ್ನು ಹುಡುಕಿಕೊಟ್ಟಿದ್ದರು. ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತದೆ, ಆದ್ದರಿಂದ ಒಂದೇ ಹೆಸರು ಎರಡು ಕಡೆ ಕಂಡರೆ ನಡುವೆ ರಕ್ತ ಇದ್ದಿರಬೇಕು. ವಂಶ ಎಂದರೆ ಇಷ್ಟೇ ಎಂದು ಆಗಲೇ ಅವನಿಗೆ ಅನ್ನಿಸಿತ್ತು. ಎರಡು ಹೆಸರು, ನಡುವೆ ಒಂದು ಗೆರೆ. ಗೆರೆ ಎಳೆಯುವವನು ಧೈರ್ಯವಂತನಾಗಿರಬೇಕು.

ಗೆರೆ ಎಳೆಯಲು ಅವನಿಗೆ ಜಾಗ ಧಾರಾಳವಾಗಿತ್ತು. ಅವನು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಸತ್ತಿದ್ದ. ಅಪ್ಪ ಎಲ್ಲಿಂದಲೋ ಕುರಿ ಹೊಡೆದುಕೊಂಡು ಕರಜಗಿಗೆ ಬಂದ ಒಬ್ಬಂಟಿ. ಅವ್ವ ಯಮನವ್ವ ಕೂಲಿ ಮಾಡಿ ಸಾಕಿ, ಐದನೆಯ ತರಗತಿಗೇ ಹಾಸ್ಟೆಲಿಗೆ ಹಾಕಿದಳು. ಕಾಕಾ, ದೊಡ್ಡಪ್ಪ, ಅಣ್ಣತಮ್ಮಂದಿರ ಮನೆ ಎಂಬುದನ್ನು ಅವನು ಕಂಡವನಲ್ಲ. ಮದುವೆಗೆ ಕರೆಯುವವರಿರಲಿಲ್ಲ, ಸಾವಿಗೆ ಹೇಳಿ ಕಳಿಸುವವರಿರಲಿಲ್ಲ. ಅಪ್ಪನ ಹಿಂದೆ ಯಾರೂ ಇಲ್ಲದ್ದು ಮೂವತ್ತೇಳು ವರ್ಷ ಅವನ ಅವಮಾನವಾಗಿತ್ತು. ಈಗ ಅದೇ ಅನುಕೂಲ.

ನಾಯಕರ ವಂಶಾವಳಿ ಇದ್ದದ್ದು ಊರೂರು ತಿರುಗಿ ವಂಶ ಓದುವ ಹೆಳವ ಅಮೋಘಸಿದ್ದಪ್ಪನ ಹೊತ್ತಿಗೆಯಲ್ಲಿ. ಮೂರು ವರ್ಷಕ್ಕೊಮ್ಮೆ ಅವನು ನಾಯಕರ ದೊಡ್ಡ ಮನೆಗೆ, ವಾಡೆಗೆ, ಬಂದು ಮನೆತನದ ಹೆಸರುಗಳನ್ನು ಓದುತ್ತಿದ್ದ. ಮೊದಲು ಎತ್ತಿನ ಮೇಲೆ ಬರುತ್ತಿದ್ದ, ಈಗ ಟೆಂಪೋದಲ್ಲಿ. ವಾಡೆಯವರು ಕೋರ್ಟಿನ ಕಾಗದವನ್ನು ನಂಬದಿದ್ದರೂ ಹೆಳವನ ಹೊತ್ತಿಗೆಯನ್ನು ನಂಬುತ್ತಿದ್ದರು. ಮಾಳಪ್ಪ ಏಪ್ರಿಲ್ ರಜೆಯಲ್ಲಿ, ಯಳವಿಯ ಹೊರಗೆ ಅವನು ಬಿಡಾರ ಹೂಡಿದ್ದಾಗ ಹೋಗಿ ಕಂಡ. ಏನನ್ನೂ ಕೇಳಲಿಲ್ಲ. ಹೊತ್ತಿಗೆಯ ಹರಿದ ಹಾಳೆಗಳನ್ನು ನೋಡಿ ಮರುಗಿದ, ಅಷ್ಟೇ.

"ನನ್ನ ಕಣ್ಣಾಗ ಹೊಗಿ ತುಂಬೇತಿ ಮಾಸ್ತರ" ಎಂದ ಮುದುಕ. "ಮಕ್ಕಳು ಮರಾಠಿ ಸಾಲಿ ಕಲತಾವು. ಈ ಅಕ್ಷರ ಅವಕ ಇರಿವಿ ಸಾಲಿನಂಗ ಕಾಣತಾವಂತ. ಯಾರರೆ ಹೊಸಾದು ಬರದು ಕೊಟ್ಟಿದ್ರ ಚಲೋ ಆಗತಿತ್ತು."

"ನಾ ಬರದು ಕೊಡತೀನಿ ತಗೋರಿ ಅಜ್ಜಾರ."

"ನಿಮಗ ಏನ ಕೊಡಲಿ?"

"ಏನ ಬ್ಯಾಡ್ರಿ. ನಾನೂ ಇತಿಹಾಸದಾಂವ."

ಹದಿನೆಂಟು ದಿನ ಬೇವಿನ ನೆರಳಿನಲ್ಲಿ ಕುಳಿತು ಬರೆದ. ಹಿರಿಯ ಶಾಖೆಯನ್ನು ಮುಟ್ಟಲಿಲ್ಲ, ಅದು ಮುದುಕನಿಗೆ ಬಾಯಿಪಾಠ. ಹದಿನೇಳನೆಯ ತಲೆಮಾರಿನ ಮೂವರು ಮಕ್ಕಳಲ್ಲಿ ಮೂರನೆಯವನ ಮುಂದೆ ಹಳೆಯ ಹೊತ್ತಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಬರದಲ್ಲಿ ಕುರಿ ಹೊಡಕೊಂಡು ಹೋದ, ಮುಂದೆ ತಿಳಿಯದು. ನಿಂತುಹೋದ ಶಾಖೆಯನ್ನು ಯಾರೂ ಓದಿಸುವುದಿಲ್ಲ, ಆದ್ದರಿಂದ ಯಾರಿಗೂ ನೆನಪಿರುವುದಿಲ್ಲ. 'ಮುಂದೆ ತಿಳಿಯದು' ಎಂಬುದನ್ನು ಮಾಳಪ್ಪ ಬಿಟ್ಟ. ಕರಜಗಿಗೆ ಹೋದ ಎಂದು ಬರೆದು ಕೆಳಗೆ ನಾಲ್ಕು ಹೆಸರು ಸೇರಿಸಿದ. ಮೊದಲನೆಯದು ಅವನ ಕಲ್ಪನೆ. ಎರಡನೆಯದು, ಮೂರನೆಯದು ಅವನ ಅಜ್ಜನದು, ಅಪ್ಪನದು. ಕೊನೆಯದು ಅವನದೇ. ನಾಯಕರಲ್ಲಿ ಮಾಳಪ್ಪ ಎಂಬ ಹೆಸರು ಐದು ಸಲ ಬಂದಿತ್ತು. ಫ್ರಾಂಕರ ಪಂಡಿತರಿಗೆ ಎರಡೇ ಸಲ ಸಾಕಾಗಿತ್ತು.

ಕರಜಗಿ ಕಡೆಯ ತಿರುಗಾಟ ಅಮೋಘಸಿದ್ದಪ್ಪನ ಅಣ್ಣನದಾಗಿತ್ತು. ಅವನು ಸತ್ತು ಒಂಬತ್ತು ವರ್ಷ. ಸಾಲುಗಳನ್ನು ಅಣ್ಣ ಬರೆದದ್ದೆಂದೇ ಮುದುಕ ತಿಳಿಯುತ್ತಾನೆ. ಹೊಸದು ಸಿದ್ಧವಾದ ಮೇಲೆ ಮುದುಕ ಹಳೆಯದಕ್ಕೆ ಕುಂಕುಮ ಹಚ್ಚಿ, ತನ್ನ ಕೈಯಿಂದಲೇ ಕಲ್ಲು ಕಟ್ಟಿ ನೀರಿಗೆ ಬಿಟ್ಟ. ಹಿಂದಿನಿಂದ ನಡೆದುಬಂದ ರೀತಿ ಅದು. ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಮಾಳಪ್ಪ ಗುಳ್ಳೆಗಳನ್ನು ಎಣಿಸಿದ. ಮುದುಕ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಾಗ ಮಾತ್ರ ಎಣಿಕೆ ತಪ್ಪಿತು. ಆಗಸ್ಟನ್ನು ನೆನೆಸಿಕೊಂಡ. ಸರಿಹೋಯಿತು.

ತಾನೇ ಬಾಯಿಬಿಟ್ಟು ಕೇಳಬಾರದು ಎಂಬುದು ಯೋಜನೆಯ ಬೆನ್ನೆಲುಬಾಗಿತ್ತು. ಹೊತ್ತಿಗೆಯೇ ಅವನನ್ನು ಕರೆಯಬೇಕು. ಜಾಗ ತುಂಬುವ ಮೊದಲು ಮುಂದುವರಿದ ಎಲ್ಲ ಶಾಖೆಗಳನ್ನೂ ಓದಿಸಬೇಕೆಂದು ಘಟನೆಯಲ್ಲೇ ಇತ್ತು. ಮೇ ಕೊನೆಯಲ್ಲಿ ವಾಡೆಯ ಪಡಸಾಲೆಯಲ್ಲಿ ಹೆಳವ ಕುಳಿತ. ಕನ್ನಡ ಕಲಿಸುವ ನಂದಾ ಬಾಯಿ ಅವನ ಪರವಾಗಿ ಓದಿದಳು. ಮಾಳಪ್ಪ ಹಿಂದೆ, ಚಪ್ಪಲಿಗಳ ಹತ್ತಿರ ನಿಂತಿದ್ದ.

ನಂದಾ ಬಾಯಿ ತಡೆದಳು. "ಕರಜಗಿ, ಮಾಳಪ್ಪ. ಇದು ನಮ್ಮ ಮಾಸ್ತರ ಹೆಸರ ಅಲ್ಲೇನ್ರಿ?"

ಮಾಳಪ್ಪ ಅಭ್ಯಾಸ ಮಾಡಿದ್ದಂತೆಯೇ ಒಂದು ಹೆಜ್ಜೆ ಹಿಂದೆ ಸರಿದ. ನಂತರ, "ಕರಜಗ್ಯಾಗ ಆ ಹೆಸರಿನಾವ್ರು ಮತ್ತ ಯಾರರೆ ಇರಬೇಕ್ರಿ" ಎಂದ.

ಆ ಮಾತಿಗೇ ನಾಯಕರು ಮರುಳಾದರು. ಕಾಗದ ತರಲು ಹೇಳಿದವರು ಅವರು, ತಡಮಾಡಿದವನು ಅವನು. ಅಜ್ಜನ ಹೆಸರಿದ್ದ ಅಪ್ಪನ ಸಾವಿನ ದಾಖಲೆ ತಾಳೆಯಾಯಿತು. ತುಕಾರಾಮ ಮಾತ್ರ ಕಣ್ಣು ಕಿರಿದು ಮಾಡಿಯೇ ಇದ್ದ. ಆದರೆ ಮನೆತನದ ಹಿರಿಯ, ಎಂಬತ್ತಾರರ ಮಲಕಾಜಪ್ಪ, ಮಾಳಪ್ಪನನ್ನು ಹತ್ತಿರ ಕರೆದು ಹೆಂಡತಿ ಗೌರವ್ವನ ಪಕ್ಕ ಕೂರಿಸಿಕೊಂಡ. "ಇಟ್ಟ ದಿನಾ ನಮ್ಮ ಬಾಗಲದಾಗ ನಿಂತು ನಮ್ಮ ಹೆಸರ ಹೇಳಿದಿ. ಬಾ, ಒಳಗ ಕುಂದ್ರು."

ಎಂಟು ದಿನಕ್ಕೆ ಮಲಕಾಜಪ್ಪ ತೀರಿಕೊಂಡ. ಈ ಸಾವು ಯೋಜನೆಯಲ್ಲಿರಲಿಲ್ಲ, ಆದರೆ ಯೋಜನೆಗೆ ಒದಗಿಬಂತು. ಮಾಳಪ್ಪ ಮೊದಲ ಬಸ್ಸಿಗೇ ಹೋದ. ಹೆಗಲು ಕೊಟ್ಟ, ಹಿಡಿ ಮಣ್ಣು ಹಾಕಿದ, ಬಾವಿಯಲ್ಲಿ ಮಿಂದ. ಒದ್ದೆ ಬಟ್ಟೆಯಲ್ಲಿ ಗಂಡಸರ ಸಾಲಿನಲ್ಲಿ ಅವನಿಗೂ ಜಾಗ ಬಿಟ್ಟರು. ಅಳು ತಾನಾಗಿಯೇ ಬಂತು. ಅದು ನಟನೆಯೋ ಅಲ್ಲವೋ ಅವನಿಗೂ ತಿಳಿಯಲಿಲ್ಲ. ಅಲ್ಲಿ ಉಳಿಯಲಿಲ್ಲ. ಜತ್ತದ ಬಾಡಿಗೆ ಕೋಣೆಗೆ ಹಿಂತಿರುಗಿ ಫೈಲು ಜೋಡಿಸುವುದಿತ್ತು.

ನೇಮಕಾತಿಯ ಕಾಗದ ಆ ವಾರವೇ ಜಿಲ್ಲೆಗೆ ಹೋಗಬೇಕಿತ್ತು. ಹೀಗಾಗಿ ಸಾವಿನ ಮನೆಯಾದರೂ ಆರನೆಯ ದಿನ ಮುಂಜಾನೆ ಪಡಸಾಲೆಯಲ್ಲೇ ಸಭೆ ಕರೆದರು. ಕೇಳಬಹುದಾದ ಇಪ್ಪತ್ತು ಪ್ರಶ್ನೆಗಳಿಗೆ ಮಾಳಪ್ಪ ಉತ್ತರ ಬರೆದು ಕಲಿತಿದ್ದ. ಮುದುಕಿ ಅವ್ವನನ್ನು ಕರೆಸಿದರೆ ಏನು ಹೇಳಬೇಕು, ಕರಜಗಿಯಲ್ಲಿ ವಿಚಾರಿಸಿದರೆ ಯಾರು ಸಿಗುತ್ತಾರೆ, ಎಲ್ಲವೂ ತಲೆಯಲ್ಲಿತ್ತು. ಒಂದನ್ನೂ ಯಾರೂ ಕೇಳಲಿಲ್ಲ. ತುಕಾರಾಮ ನೇಮಕಾತಿಯ ಠರಾವು ಓದಿ, ಸಹಿಗೆಂದು ಪೆನ್ನಿನ ಟೊಪ್ಪಿಗೆ ತೆಗೆದ. "ಹಿರ್ಯಾರು ಒಪ್ಪಿ ಹೋಗ್ಯಾರ. ನಾ ಏನ ಅನ್ನಲಿ. ಕಾಕಿ, ನೀ ಒಂದ ಮಾತ ಹೇಳಿಬಿಡು."

ಗೌರವ್ವ ಮೂಲೆಯಿಂದ ಎದ್ದು ಬಂದಳು. ಮನೆಯ ಮಗನಲ್ಲವೇ ಎಂದು ಎರಡೂ ಕೈಯಿಂದ ಅವನ ಮುಖ ಸವರಿದಳು. ಕೆನ್ನೆಯ ಮೇಲೆ ಜಾರಿದ ಕೈ ಗದ್ದದ ಹತ್ತಿರ ನಿಂತಿತು. "ದಾಡಿ ಯಾವಾಗ ಮಾಡ್ಕೊಂಡ್ಯೋ ತಮ್ಮಾ?" ಎಂದು ಮೆಲ್ಲಗೆ ಕೇಳಿದಳು. "ಇವತ್ತ ಮುಂಜಾನಿ, ಆಯಿ, ಜತ್ತ ಸ್ಟ್ಯಾಂಡಿನ ಹತ್ರ. ನಿಮ್ಮ ಮುಂದ ಬರೂದಿತ್ತಲ್ಲ" ಎಂದು ಮಾಳಪ್ಪ ವಿನಯದಿಂದ ಹೇಳಿದ. ಗೌರವ್ವನ ಕೈ ಹಿಂದೆ ಸರಿಯಿತು. ಅವನು ತಲೆ ಎತ್ತಿದ. ತುಕಾರಾಮನ ಮುಖದಲ್ಲಿ, ಅವನ ತಮ್ಮನ ಮುಖದಲ್ಲಿ, ಕಂಬಕ್ಕೆ ಒರಗಿದ್ದ ಅಣ್ಣತಮ್ಮಂದಿರೆಲ್ಲರ ಮುಖದಲ್ಲಿ ಆರು ದಿನದ ಗಡ್ಡ ಕಪ್ಪಗೆ, ಬೆಳ್ಳಗೆ ಬೆಳೆದಿತ್ತು. ಸೂತಕ ಹಿಡಿದ ಗಂಡಸರು ಹತ್ತನೆಯ ದಿನದವರೆಗೆ ಕತ್ತಿ ಮುಟ್ಟಿಸುವುದಿಲ್ಲ ಎಂಬುದನ್ನು ಈ ಸಾಲಿನಲ್ಲಿ ಹುಟ್ಟಿದ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾಗಿಯೂ ಇರಲಿಲ್ಲ. ಗೌರವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ತುಕಾರಾಮ ಪೆನ್ನಿಗೆ ಟೊಪ್ಪಿಗೆ ಹಾಕಿ, ಹೊತ್ತಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು, ಮೂರನೆಯ ಮಗನ ಪುಟವನ್ನು ಹುಡುಕತೊಡಗಿದ.