ಹಾಳೆಯೊಳಗೆ ಚಿಗುರಿದ ಎಲೆ

ಆ ಇಬ್ಬರು ಹೆಂಗಸರು ನಮ್ಮ ಜಾಲಹಳ್ಳಿ ಮನೆಯ ಗೇಟು ತೆಗೆದಾಗ ನಾನು ಮೊರದಲ್ಲಿ ರಾಗಿ ಕೇರುತ್ತಿದ್ದೆ. 2010ನೇ ಇಸವಿ, ದೀಪಾವಳಿ ಕಳೆದು ಮೂರನೇ ವಾರ, ಮಂಗಳವಾರ. ಮುಂದೆ ಬಂದವಳು ಕನ್ನಡಕದ ಹುಡುಗಿ. ಹಿಂದಿನವಳು ಐವತ್ತು ದಾಟಿದ ಹೆಂಗಸು, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದಿದ್ದಳು.

"ನಾಗಲಕ್ಷ್ಮಮ್ಮನೋರ ಮನೆ ಇದೇನಾ ಅಕ್ಕಾ? ಗಡಿಯಾರದ ಫ್ಯಾಕ್ಟ್ರೀಲಿ ಇದ್ದೋರು?"

ನಾಗಲಕ್ಷ್ಮಮ್ಮ ನಮ್ಮಣ್ಣನ ಹೆಂಡತಿ. ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂತವರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ನಿವೃತ್ತಿಯಾದ ಮೇಲೂ ಅವರ ಸೊಂಟದ ಚೀಲದಲ್ಲೇ ಇರುತ್ತಿತ್ತು. ಕಳೆದ ಓಲೆಯಿಂದ ಹಿಡಿದು ಸುಳ್ಳು ಉಯಿಲಿನ ತನಕ ನಮ್ಮ ಬೀದಿಯವರು ಮೊದಲು ಬರುತ್ತಿದ್ದುದು ಅವರ ಹತ್ತಿರ, ಆಮೇಲೆ ಪೊಲೀಸರ ಹತ್ತಿರ. ಗಂಡ ತೀರಿಕೊಂಡ ಮೇಲೆ ಹೊಲ ಬಿಟ್ಟು ಬಂದ ನಾನು ಅತ್ತಿಗೆ ಹೋದಲ್ಲೆಲ್ಲ ಹಿಂದೆಯೇ ಹೋಗುತ್ತಿದ್ದೆ.

ಹುಡುಗಿಯ ಹೆಸರು ಭಾಗ್ಯಶ್ರೀ. ಪೀಣ್ಯದಲ್ಲಿ ಕಾಡಿನ ಗಿಡಗಳ ಸಮೀಕ್ಷೆ ಮಾಡುವ ಸಂಸ್ಥೆಯೊಂದರಲ್ಲಿ ಆರು ತಿಂಗಳಿಂದ ಕೆಲಸ. ಒಣಗಿಸಿ ಹಾಳೆಗೆ ಅಂಟಿಸಿದ ಮೂರು ಸಾವಿರ ಗಿಡಗಳು ಅಲ್ಲಿನ ಬೀರುಗಳಲ್ಲಿದ್ದವು. ಅವನ್ನು ನೋಡಿಕೊಳ್ಳುವುದು ಅವಳ ಕೆಲಸ. ಜೊತೆಗಿದ್ದವಳು ರುಕ್ಮವ್ವ, ಅಲ್ಲಿ ಕಸ ಗುಡಿಸುವವಳು. ಅತ್ತಿಗೆ ಇಬ್ಬರನ್ನೂ ಜಗುಲಿಯಲ್ಲಿ ಕೂರಿಸಿ ತಾವೂ ಕೂತರು.

"ನಿನ್ನೆ ಒಂದು ಬೀರು ತೆಗೆದೆ ಮೇಡಂ. ರುಕ್ಮವ್ವನ ಯಜಮಾನರು ಕೊಟ್ರಪ್ಪ ಅಂತ, ಗಿಡ ಹುಡುಕಿ ತರ್ತಿದ್ದೋರು. ಅವರು 2006ರಲ್ಲಿ ತಂದ ಹಾಳೆ ಬೇಕಿತ್ತು. ಅವರು ತೀರಿಕೊಂಡು ಎರಡು ವರ್ಷ ಆಯ್ತು. ಹಾಳೆ ಬಿಚ್ಚಿದ್ರೆ, ಒಳಗಿದ್ದ ಎಲೆ ಚಿಗುರಿತ್ತು. ಅಂಚಲ್ಲೆಲ್ಲ ಸಣ್ಣ ಸಣ್ಣ ಗಿಡ, ಬಿಳೀ ಬೇರು. ಕತ್ತಲೆ ಬೀರು, ನೀರಿಲ್ಲ, ಮಣ್ಣಿಲ್ಲ. ನಾನು ಹಾಳೆ ಕೈಬಿಟ್ಬಿಟ್ಟೆ."

ನನ್ನ ಕೈಯಲ್ಲಿದ್ದ ಮೊರ ನಿಂತಿತು.

"ಅದು ನನ್ನ ಗಂಡ ತಂದದ್ದಲ್ರಿ ಯವ್ವಾ," ಎಂದಳು ರುಕ್ಮವ್ವ. "ಅವ್ರು ತಂದದ್ದು ಬಂಡೆಗಣ್ಣು. ಸಣ್ಣ ಸಣ್ಣ ದಪ್ಪೆಲಿ, ನೀಲಿ ಹೂವು. ನಮ್ಮ ಸಂಡೂರ ಕಡೆ ಗೂಗಿಗುಡ್ಡದ ತುದಿ ಬಿಟ್ರ ಬ್ಯಾರೆ ಎಲ್ಲೂ ಇಲ್ಲ ಅಂತಿದ್ರು. ಈಗ ಆ ಗುಡ್ಡಾನೂ ಗಣಿಗೆ ಕೊಡ್ತಾರಂತ. ಊರಿನವರು ಅರ್ಜಿ ಹಾಕಿ, ಕೊಟ್ರಪ್ಪನ ಹಾಳಿ ನೋಡ್ರಿ ಅಂದಾರ. ಗುರುವಾರ ಸರಕಾರದ ಸಮಿತಿಯವರು ನೋಡ್ತಾರ. ನೋಡಿದ್ರ ಅಲ್ಲಿರೋದು ಬೇಲ್ಯಾಗ ಬೆಳೆಯೋ ಕಾಡುಬಸಳಿ."

"ನಿಮ್ಮ ಸಾಹೇಬರು ಏನಂತಾರೆ?" ಎಂದರು ಅತ್ತಿಗೆ.

"ಒಂದೋ ನಿನ್ನ ಗಂಡ ಬೇಲಿಗಿಡ ತಂದು ಸುಳ್ಳು ಹೆಸರು ಕಟ್ಟ್ಯಾನ, ಇಲ್ಲಾ ಭಕ್ತಿಗೆ ನೀ ಮನಿಗೆ ಒಯ್ದು ಬ್ಯಾರೆ ಇಟ್ಟಿ ಅಂತಾರ್ರಿ. ಗಂಡ ಸುಳ್ಳ, ಇಲ್ಲಾ ಹೆಂಡ್ತಿ ಕಳ್ಳಿ. ಎರಡರಾಗ ಒಂದು ನಾ ಆರಿಸ್ಕೋಬೇಕಂತ."

ಅತ್ತಿಗೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ರಾಮಿ, ಸೂಜಿ ಡಬ್ಬಿ ತಗೋ," ಎಂದರು ನನಗೆ.

ಸಂಸ್ಥೆ ಇದ್ದುದು ಪೀಣ್ಯ ಎರಡನೇ ಹಂತದಲ್ಲಿ, ಒಂದು ಗ್ರೈಂಡಿಂಗ್ ಶೆಡ್ಡಿನ ಪಕ್ಕದ ಮಹಡಿಯಲ್ಲಿ. ಕೆಳಗೆ ಕಬ್ಬಿಣ ಉಜ್ಜುವ ಸದ್ದು ಹಲ್ಲು ಜುಮ್ಮೆನ್ನಿಸುತ್ತಿತ್ತು. ಬೀರುಗಳ ಕೋಣೆಗೆ ಕಾಲಿಟ್ಟರೆ ಆ ಸದ್ದು ನೀರಿನಡಿಯಿಂದ ಬಂದಂತೆ ಕೇಳಿಸಿತು. ಹುಳ ಬರಬಾರದೆಂದು ಕಿಟಕಿಗಳ ಸಂದಿಗೆಲ್ಲ ಪಟ್ಟಿ ಅಂಟಿಸಿ ಮುಚ್ಚಿದ್ದರು. ನುಸಿಗುಳಿಗೆಯ ವಾಸನೆ ಕಣ್ಣಿಗೇ ಹತ್ತುತ್ತಿತ್ತು. ಬೀರು ತೆಗೆದಾಗ ಒಂದರ ಮೇಲೊಂದು ಮಲಗಿದ್ದ ಹಾಳೆಗಳನ್ನು ಕಂಡು, ಬಟ್ಟೆ ಹೊದಿಸಿದ ಹೆಣಗಳ ಸಾಲೊಂದರ ಮುಂದೆ ನಿಂತಂತೆ ನನಗಾಯಿತು.

ಭಾಗ್ಯಶ್ರೀ ಆ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು. ಮೂಲೆಯ ಚೀಟಿಯಲ್ಲಿ ಕೊಟ್ರಪ್ಪನ ಗುಂಡಗಿನ ಅಕ್ಷರ: ಬಂಡೆಗಣ್ಣು, ಗೂಗಿಗುಡ್ಡದ ತುದಿ, ಆಗಸ್ಟ್ 2006. ನಡುವೆ ಅಂಗೈಯಗಲದ ಎಲೆ. ಅರ್ಧ ಬಾಡಿ ಕಂದಿತ್ತು, ಅಂಚಿನ ಕಚ್ಚುಕಚ್ಚುಗಳಲ್ಲಿ ಮಾತ್ರ ಬಿಳಚಿದ ಕುಡಿಗಳು ಬೆಳಕಿಗಾಗಿ ಕತ್ತು ನೀಡಿದಂತಿದ್ದವು. ಸತ್ತ ಮನುಷ್ಯನ ಅಕ್ಷರದ ಪಕ್ಕದಲ್ಲಿ ಅದು ಉಸಿರಾಡುತ್ತಿದೆ ಅನ್ನಿಸಿತು. ರುಕ್ಮವ್ವ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

ಅತ್ತಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹತ್ತು ನಿಮಿಷ ಬಾಗಿದರು. ಆಮೇಲೆ ಸೂಜಿ ಹೆಕ್ಕುವ ಅಯಸ್ಕಾಂತವನ್ನು ತೆಳು ಕಾಗದದಲ್ಲಿ ಸುತ್ತಿ ಎಲೆಯ ಮೇಲೆ ಮೆಲ್ಲಗೆ ಆಡಿಸಿದರು. ಕಾಗದಕ್ಕೆ ಕಪ್ಪು ಹಿಟ್ಟಿನಂಥದ್ದು ಮೆತ್ತಿಕೊಂಡಿತು. ಅದನ್ನು ಮಡಚಿಟ್ಟು, ಹಾಳೆಯ ಮೇಲೆ ಹೊದಿಸುವ ಕಾಗದವನ್ನು ಬೆಳಕಿಗೆ ಹಿಡಿದರು.

"ರಾಮಿ, ಏನು ಕಾಣುತ್ತೆ ನೋಡು."

ಕಾಗದದ ಮೇಲೊಂದು ಕಂದುಬಣ್ಣದ ನೆರಳಿತ್ತು. ತೆಳ್ಳನೆ ಕಾಂಡ, ಏಳು ಪುಟಾಣಿ ಎಲೆ, ತುದಿಯಲ್ಲೊಂದು ಹೂವು. ಯಾರೂ ಬರೆದದ್ದಲ್ಲ. ಗಿಡವಿಲ್ಲ, ನೆರಳಿದೆ.

"ವರ್ಷಗಟ್ಟಲೆ ಒತ್ತಿಟ್ರೆ ಗಿಡದ ರಸ ಕಾಗದಕ್ಕೆ ಇಳಿದು ಕಲೆಯಾಗುತ್ತೆ ಅಕ್ಕಾ," ಎಂದಳು ಭಾಗ್ಯಶ್ರೀ ಪಿಸುದನಿಯಲ್ಲಿ. "ನಿನ್ನೆ ಹೆದರಿಕೇಲಿ ನಾನಿದನ್ನ ನೋಡೇ ಇಲ್ಲ."

ಬೀರುಗಳಿಗೆ ಎರಡು ಜೊತೆ ಬೀಗದ ಕೈ. ಒಂದು ಭಾಗ್ಯಶ್ರೀಯ ಮೇಜಿನಲ್ಲಿ. ಅದು ರುಕ್ಮವ್ವನಿಗೂ ಸಿಗುತ್ತಿತ್ತು, ವರದಿ ಬರೆಯುವ ಲೋಕೇಶನಿಗೂ ಸಿಗುತ್ತಿತ್ತು. ಇನ್ನೊಂದು ಮುಖ್ಯಸ್ಥ ವೆಂಕಟರಮಣಪ್ಪನವರ ಹತ್ತಿರ.

ಲೋಕೇಶ ಕಂಪ್ಯೂಟರ್ ಮುಂದೆ ಕೂತಿದ್ದ. ಅವನ ಬೂಟು ಕೆಂಪು ಧೂಳು ಮೆತ್ತಿಕೊಂಡು ಇಟ್ಟಿಗೆಯ ಹಾಗಿತ್ತು.

"ಸಂಡೂರಿಗೆ ಹೋಗಿದ್ರಾ?" ಎಂದರು ಅತ್ತಿಗೆ.

"ಹೋದ ವಾರ ಮೇಡಂ. ಗಣಿಯವರ ಜೀಪಲ್ಲೇ ಹೋಗಿದ್ದೆ, ಅದಕ್ಕೇ ಎಲ್ಲಾರೂ ನನ್ನೇ ನೋಡ್ತಾವ್ರೆ. ಬೂಟು ಎರಡು ಸಲ ತೊಳೆದೆ, ಹೋಗಲ್ಲ. ಅಲ್ಲಿ ಮರ ಯಾವುದು, ಬಂಡೆ ಯಾವುದು ಗೊತ್ತಾಗಲ್ಲ. ಎಲೆ ಮೇಲೆ ಬೆರಳಷ್ಟು ಕೆಂಪು. ಹಕ್ಕಿ ಸದ್ದೇ ಇಲ್ಲ. ಹೂ ಬಿಟ್ಟಿದ್ರೂ ಜೇನು ಬರಲ್ಲ."

"ಕೊಟ್ರಪ್ಪನ ಜೊತೆ ಹೋಗಿದ್ದೆಯೇನಪ್ಪಾ?"

"ಎರಡು ಸಲ." ಅವನು ನಕ್ಕ. "ಸಕ್ಕತ್ ಮನುಷ್ಯ. ದಪ್ಪ ಎಲೆ ಸಿಕ್ಕಿದ್ರೆ ಒತ್ತೋಕೆ ಮುಂಚೆ ಕುದಿಯೋ ನೀರಲ್ಲಿ ಅದ್ದಿ ತೆಗೀತಿದ್ರು. ಅದೇ ಪಾತ್ರೇಲಿ ನನಗೆ ಟೀ ಕಾಯಿಸಿ ಕೊಟ್ಬಿಟ್ರು. ಎರಡು ದಿನ ಹೊಟ್ಟೆ ನನ್ನದಾಗಿರಲಿಲ್ಲ."

"ನಾನೂ ಅಂಗೇ ಮಾಡ್ತೀನಿ ಅಂತ ಕೆಟಲ್ ಇಟ್ಕೊಂಡಿದೀನಿ, ಟೀ ಮಾಡಲ್ಲ ಅಷ್ಟೇ," ಎಂದು ಭಾಗ್ಯಶ್ರೀ ಅವನನ್ನು ಚುಚ್ಚಿದಳು.

ವೆಂಕಟರಮಣಪ್ಪನವರು ಬಿಳಿ ಅಂಗಿಯ ದೊಡ್ಡ ಮನುಷ್ಯ. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಗಿಡದ ಪಾಠ ಹೇಳುತ್ತಿದ್ದವರು. ನಮಗೆ ಕಾಫಿ ತರಿಸಿದರು. ಅವರ ಕೋಣೆಯ ಕಿಟಕಿ ಗ್ರೈಂಡಿಂಗ್ ಶೆಡ್ಡಿನ ನೆತ್ತಿಗೇ ತೆರೆದಿತ್ತು. ಉಜ್ಜುವ ಕಿಡಿ ಅಲ್ಲಿಂದ ಕಾಣುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಮೂರು ಕುಂಡ: ಒಂದರಲ್ಲಿ ತುಳಸಿ, ಒಂದರಲ್ಲಿ ಕಾಡುಬಸಳೆ, ಇನ್ನೊಂದು ಬರಿದು. ಗೂಡಿನಲ್ಲಿ ಹಳೆಯ ವರದಿಗಳು ಧೂಳು ತಿನ್ನುತ್ತಿದ್ದವು. ಹಸಿರು ರಟ್ಟಿನ ಒಂದನ್ನು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೊತೆಗೆ ಎರಡು ನುಸಿಗುಳಿಗೆ ಹಾಕಿಟ್ಟಿದ್ದರು. ರಟ್ಟಿನ ಮೇಲೆ 'ಗೂಗಿಗುಡ್ಡ, 2007' ಎಂದಿತ್ತು.

"ರುಕ್ಮವ್ವನ ಮೇಲೆ ನನಗೆ ಸಿಟ್ಟಿಲ್ಲಮ್ಮ," ಎಂದರು. "ಕೊಟ್ರಪ್ಪ ಓದಿದವನಲ್ಲ, ಏನೋ ತಂದಿಟ್ಟ. ಗುರುವಾರ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು."

"ನಾಲ್ಕು ವರ್ಷದ ಎಲೆ ಚಿಗುರುತ್ತಾ ಸಾರ್?"

"ಕಾಡುಬಸಳೆಯ ಗುಣವೇ ಅದು. ನೀರು ತುಂಬಿದ ಎಲೆ. ಎಷ್ಟು ವರ್ಷವಾದರೂ ಜೀವ ಹಿಡಿದುಕೊಂಡೇ ಇರುತ್ತದೆ."

ಅತ್ತಿಗೆ ತಲೆಯಾಡಿಸಿದರು. ಹೊರಡುವಾಗ ಕುಂಡದ ಹತ್ತಿರ ಒಂದು ಕ್ಷಣ ನಿಂತರು, ಅಷ್ಟೇ.

ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಅಂದೆ: "ಅತ್ತಿಗೆ, ನಮ್ಮೂರಲ್ಲಿ ಹುಡುಗರು ಕಾಡುಬಸಳೆ ಎಲೇನ ಗೋಡೆ ಮೊಳೆಗೆ ಚುಚ್ಚಿ ಇಡ್ತಿದ್ರು. ಎಂಟು ದಿನಕ್ಕೆ ಮರಿ ಬರೋವು. ಎರಡು ಮೂರು ತಿಂಗಳು ಆಡೋವು, ಆಮೇಲೆ ಎಲೆಯಲ್ಲಿರೋ ನೀರು ಮುಗಿದು ಸುಟ್ಟ ಅಪ್ಪಳ ಆಗೋವು. ನಾಲ್ಕು ವರ್ಷ ಇರೋ ಎಲೆ ನಾನು ಕಂಡಿಲ್ಲ."

ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ಅದನ್ನ ನಾಳೆ ಎಲ್ಲಾರ ಮುಂದೆ ಹೇಳ್ಬೇಕು ನೀನು."

ಬುಧವಾರ ಬೆಳಿಗ್ಗೆ ಬೀರುಗಳ ಕೋಣೆಯಲ್ಲಿ ನಾವು ಆರು ಜನ ಸೇರಿದೆವು, ರುಕ್ಮವ್ವ ಮಾತ್ರ ಅವತ್ತೂ ಬಾಗಿಲಲ್ಲೇ ನಿಂತಳು. ನಾನು ಮೊಳೆಯ ಎಲೆಯ ವಿಷಯ ಹೇಳಿ ಮುಗಿಸುವಾಗ ಕರೆಂಟು ಹೋಯಿತು. ಕೆಳಗಿನ ಸದ್ದು ಸಟ್ಟನೆ ನಿಂತಿತು. ಮುಚ್ಚಿದ ಕಿಟಕಿಗಳ ಮಬ್ಬಿನಲ್ಲಿ ಬೀರುಗಳೂ ಕಿವಿಗೊಟ್ಟು ನಿಂತಂತೆ ಕಂಡವು. ಅತ್ತಿಗೆ ಮಾತು ಶುರುಮಾಡಿದರು.

"ಮೊದಲನೆಯದು ನೆರಳು. ಈ ಕಾಗದದ ಕೆಳಗೆ ವರ್ಷಗಟ್ಟಲೆ ಮಲಗಿದ್ದು ಏಳೆಲೆಯ ಸಣ್ಣ ಗಿಡ. ಅಲ್ಲಿಗೆ ಕೊಟ್ರಪ್ಪ ಸುಳ್ಳು ಹೇಳಲಿಲ್ಲ. ಎರಡನೆಯದು ಚಿಗುರು. ರಾಮಕ್ಕ ಹೇಳಿದ್ದು ಕೇಳಿದ್ರಲ್ಲ, ಈ ಎಲೆ ಇಲ್ಲಿಗೆ ಬಂದು ಬಹಳ ಅಂದ್ರೆ ಎರಡು ಮೂರು ತಿಂಗಳು. ಸಮಿತಿಯ ಕಾಗದ ಯಾವಾಗ ಬಂತು ಲೋಕೇಶ್?"

"ದಸರಾಕ್ಕೆ ಮುಂಚೆ ಮೇಡಂ."

"ಅದಾದ ಮೇಲೆ ಯಾರೋ ಬದಲಾಯಿಸಿದಾರೆ. ಯಾರು? ಲೋಕೇಶಪ್ಪನ ಬೂಟು ನೋಡಿ ನನಗೂ ಅನುಮಾನ ಬಂತು. ಆದ್ರೆ ದಪ್ಪ ಎಲೇನ ಕುದಿಯೋ ನೀರಲ್ಲಿ ಅದ್ದದೆ ಒತ್ತಿದ್ರೆ ಅದು ಹಾಳೆಯೊಳಗೂ ಬದುಕುತ್ತೆ. ಅದು ಇವನಿಗೆ ಗೊತ್ತು, ಹೊಟ್ಟೆ ಕೆಟ್ಟು ಕಲಿತದ್ದು. ಭಾಗ್ಯಶ್ರೀಗೆ ಗೊತ್ತು. ರುಕ್ಮವ್ವ, ನಿಂಗೆ?"

"ಎಷ್ಟು ಸಲ ನಾನ ನೀರು ಕಾಸಿ ಕೊಟ್ಟೀನ್ರಿ. ಅದ್ದಲಿಲ್ಲಂದ್ರ ಹಾಳ್ಯಾಗ ಕುಂತು ನಮ್ಮನ್ನ ನೋಡ್ತೈತಿ ಅಂತಿದ್ರು."

"ಈ ಮೂವರಲ್ಲಿ ಯಾರು ಮಾಡಿದ್ರೂ ಎಲೆ ಚಿಗುರ್ತಿರಲಿಲ್ಲ. ಗಿಡದ ವಿಷಯ ಎಲ್ಲ ಓದಿದ್ರೂ, ಒಂದು ದಿನಾನೂ ಸ್ವಂತ ಕೈಯಿಂದ ಗಿಡ ಒತ್ತದೇ ಇರೋರು ಮಾಡೋ ತಪ್ಪು ಇದು." ಅತ್ತಿಗೆ ಮಡಚಿದ ಕಾಗದ ಬಿಚ್ಚಿದರು. "ಇದು ಎಲೆ ಮೇಲಿದ್ದ ಪುಡಿ. ಗುಡ್ಡದ ಅದಿರು ಕೆಂಪಗಿರುತ್ತೆ. ಇದು ಕಪ್ಪು, ಅಯಸ್ಕಾಂತಕ್ಕೆ ಹಾರಿ ಬರುತ್ತೆ. ಗಾಜಲ್ಲಿ ನೋಡಿದ್ರೆ ಸುರುಳಿ ಸುರುಳಿ. ಮೂವತ್ತು ವರ್ಷ ನೋಡಿದೀನಿ, ಇದು ಉಕ್ಕು ಉಜ್ಜಿದ ಪುಡಿ. ಈ ಕೋಣೆಗೆ ಗಾಳೀನೇ ಬರಲ್ಲ. ಅಂದ್ರೆ ಗಿಡ ಬೆಳೆದದ್ದು ಶೆಡ್ಡಿನ ನೆತ್ತಿ ಮೇಲೆ, ನಿಮ್ಮ ಕಿಟಕೀಲಿ ಸಾರ್. ಅಲ್ಲಿನ ಕಾಡುಬಸಳೆಯಲ್ಲಿ ಒಂದು ಎಲೆ ಕಿತ್ತ ಗಾಯ ಒಣಗಿದೆ."

ವೆಂಕಟರಮಣಪ್ಪನವರು ಅಲುಗಾಡಲಿಲ್ಲ. "ಕುಂಡಕ್ಕೆ ನೀರು ಹಾಕೋದು ರುಕ್ಮವ್ವ," ಎಂದರು ಮೆಲ್ಲಗೆ.

"ಹೌದು. ಆದ್ರೆ ವರದಿಗೆ ನುಸಿಗುಳಿಗೆ ಹಾಕೋದು ಅವಳಲ್ಲ. ಅಷ್ಟು ವರದಿ ಧೂಳು ತಿಂತಿರೋವಾಗ ಗೂಗಿಗುಡ್ಡದ್ದಕ್ಕೆ ಮಾತ್ರ ಯಾಕೆ ಹುಳದ ಭಯ? ಕಾಗದಕ್ಕಲ್ಲ, ಒಳಗಿರೋದಕ್ಕೆ. ಭಾಗ್ಯಶ್ರೀ, ತಗೊಂಡು ಬಾಮ್ಮ."

"ಬೇಡ," ಎಂದರು ಅವರು. "ಮುರಿದುಹೋಗುತ್ತದೆ. ನಾನೇ ತರುತ್ತೇನೆ."

ತಂದರು. ಕೊನೆಯ ಪುಟದಲ್ಲಿ ಅವರದೇ ಸಹಿ, ಅದರ ಮೇಲೊಂದು ಸಾಲು: ಗುಡ್ಡದ ತುದಿಯವರೆಗೆ ನಾನೇ ಹತ್ತಿ ನೋಡಿದ್ದೇನೆ, ವಿಶೇಷವಾದ ಗಿಡ ಯಾವುದೂ ಇಲ್ಲ. ಆ ಪುಟದ ಮೇಲೆ ಬೂದಿಬಣ್ಣಕ್ಕೆ ತಿರುಗಿದ ಪುಟ್ಟ ಗಿಡ ಮಲಗಿತ್ತು. ಹೂವಿನಲ್ಲಿ ಮಾತ್ರ ನೀಲಿಯ ಒಂದು ಗೆರೆ ಉಳಿದಿತ್ತು.

"ಮೊಣಕಾಲು ನೋವಿತ್ತು," ಎಂದರು ಯಾರಿಗೂ ಅಲ್ಲದಂತೆ. "ಗುಡ್ಡದ ಬುಡದಲ್ಲಿ ಜೀಪಿನಲ್ಲಿ ಕೂತೇ ಬರೆದೆ. ಕೊಟ್ರಪ್ಪ ಹಿಂದಿನ ವರ್ಷವೇ ಇದನ್ನು ತಂದಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಸಮಿತಿಯ ಮುಂದೆ ಎರಡೂ ಹೋದರೆ ನನ್ನ ಮೂವತ್ತು ವರ್ಷದ ಹೆಸರು ಹೋಗುತ್ತಿತ್ತು. ಸುಡೋಣ ಎಂದುಕೊಂಡೆ. ಕೈ ಬರಲಿಲ್ಲ."

"ನಿಮ್ಮ ಹೆಸರು ಉಳಿಸಾಕ ಅವರ ಹೆಸರು ಸುಡಾಕ ಮಾತ್ರ ಕೈ ಬಂತೇನ್ರಿ ಸಾಹೇಬ್ರ?"

ಕೇಳಿದವಳು ರುಕ್ಮವ್ವ. ದನಿ ಏರಿಸಿರಲಿಲ್ಲ. ಆ ಎರಡು ದಿನದಲ್ಲಿ ಮೊದಲ ಸಲ ಅವಳು ಕೋಣೆಯೊಳಗೆ ಬಂದಳು. ಎರಡೂ ಅಂಗೈಯಲ್ಲಿ ಗಿಡವನ್ನು ಎತ್ತಿ, ಹೊದಿಕೆಯ ಕಾಗದದ ನೆರಳಿನ ಮೇಲೆ ಇಟ್ಟಳು. ಕಾಂಡ ಕಾಂಡದ ಮೇಲೆ, ಎಲೆ ಎಲೆಯ ಮೇಲೆ, ಹೂವು ಹೂವಿನ ಮೇಲೆ ಕೂತಿತು. ಆಗ ಕರೆಂಟು ಬಂದು ಕೆಳಗೆ ಯಂತ್ರಗಳು ಒಮ್ಮೆಲೇ ಕಿರುಚಿದವು. ನಾವೆಲ್ಲ ಬೆಚ್ಚಿದೆವು, ರುಕ್ಮವ್ವನೊಬ್ಬಳು ಬೆಚ್ಚಲಿಲ್ಲ.

ಗುರುವಾರ ವೆಂಕಟರಮಣಪ್ಪನವರೇ ಸಮಿತಿಯ ಮುಂದೆ ಹಾಳೆಯನ್ನೂ ತಮ್ಮ ವರದಿಯನ್ನೂ ಇಟ್ಟು, ನಡೆದದ್ದನ್ನು ಹೇಳಿ ಬಂದರು. ಆಮೇಲೆ ಅವರು ಪೀಣ್ಯಕ್ಕೆ ಬರಲಿಲ್ಲ. ಸಮಿತಿಯವರು ತೀರ್ಮಾನ ತಡೆದು, ಲೋಕೇಶನನ್ನು ಕರೆದುಕೊಂಡು ಗುಡ್ಡ ಹತ್ತಿದರು. ಅವನು ವಾಪಸು ಬಂದು ನಮ್ಮ ಮನೆಯ ಜಗುಲಿಯಲ್ಲಿ ಕೂತು ಹೇಳಿದ: ಗುಡ್ಡದ ಒಂದು ಮಗ್ಗುಲು ಆಗಲೇ ಹೋಗಿದೆ, ತುದಿಯಲ್ಲಿ ಒಂದು ಬಂಡೆಯ ಅಡಿಯಲ್ಲಿ ಹನ್ನೊಂದು ಗಿಡ ಇವೆ, ಎಲೆ ಒರೆಸಿ ನೋಡುವ ತನಕ ಕಲ್ಲೆಂದೇ ತಿಳಿದಿದ್ದರು. ಸದ್ಯಕ್ಕೆ ಗಣಿಗೆ ಗುಡ್ಡ ಕೊಡುವುದಿಲ್ಲವಂತೆ. ಸದ್ಯಕ್ಕೆ ಎನ್ನುವ ಮಾತನ್ನು ಅವನು ಎರಡು ಸಲ ಹೇಳಿದ.

ಸಂಕ್ರಾಂತಿಗೆ ಎಳ್ಳು ಬೀರಲು ನಾನು ಪೀಣ್ಯದ ಶೆಡ್ಡುಗಳ ನಡುವೆ ಇದ್ದ ರುಕ್ಮವ್ವನ ಬಾಡಿಗೆ ಕೋಣೆಗೆ ಹೋಗಿದ್ದೆ. ಬಾಗಿಲ ಪಕ್ಕದ ಎಣ್ಣೆ ಡಬ್ಬಿಯಲ್ಲಿ ಗೇಣುದ್ದದ ಕಾಡುಬಸಳೆ ನಿಂತಿತ್ತು, ಆ ಹಾಳೆಯೊಳಗೆ ಚಿಗುರಿದ ಕುಡಿಯೇ ಅದು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಅವಳು ಸೆರಗಿನಲ್ಲಿ ಎಲೆ ಒರೆಸಿದಳು. ಸೆರಗು ಕಪ್ಪಾಯಿತು.

"ಅದರ ತಪ್ಪೇನೈತಿ ಬಿಡಕ್ಕಾ," ಎಂದಳು. "ಸುಳ್ಳು ಹೇಳಾಕ ಅಂತ ಕೂಡ್ಸಿದ್ರು. ಅದಕ್ಕ ಬರಲಿಲ್ಲ."