ಗಂಟೆ ಹೊಡೆದ ಮೇಲೂ

“ಕ್ಷಮಿಸಿ... ನಿಮ್ಮ ತಂದೆ ತೀರಿಕೊಂಡರು.”

ಅಷ್ಟು ಹೇಳಿದ್ದೇ ತಡ, ಬಿಳಿ ಕೋಟಿನ ಹುಡುಗನ ಕಣ್ಣಿಂದ ಬಳಬಳನೆ ನೀರು!

ಅಳಬೇಕಾಗಿದ್ದವಳು ಅವಳು. ಅದಕ್ಕೇ ಅವಳಿಗೆ ಸಂಬಳ. ಪರದೇಶಕ್ಕೆ ಓದಲು ಬಂದವಳು ಬಿಡುವಿನಲ್ಲಿ ಹಿಡಿದಿದ್ದ ಕೆಲಸವೇ ವಿಚಿತ್ರ. ಮೆಡಿಕಲ್ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ರೋಗಿಯ ಮಗಳಾಗಿ ನಟಿಸಬೇಕು. ಕೆಟ್ಟ ಸುದ್ದಿ ಹೇಳುವುದನ್ನು ಕಲಿಯುವ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು ಅವಳ ಅಪ್ಪನ ಸಾವನ್ನು ತಿಳಿಸುತ್ತಾರೆ. ಅವಳು ಅಳಬೇಕು. ಗಂಟೆ ಹೊಡೆದರೆ ನಾಟಕ ಮುಗಿಯಿತು. ಆಮೇಲೆ ಸರಿತಪ್ಪು ಹೇಳಿ ಕಳಿಸಬೇಕು.

“ಅಯ್ಯೋ, ಇದೇನಾಯ್ತು ನಂಗೆ...” ಎಂದು ಅವನು ಕನ್ನಡದಲ್ಲಿ ಗೊಣಗಿದಾಗ ಅವಳ ಕಿವಿ ನೆಟ್ಟಗಾಯಿತು.

“ಸತ್ತಿದ್ದು ನಮ್ಮಪ್ಪ. ನೀವ್ಯಾಕ್ರೀ ಅಳ್ತೀರಿ?”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮನೆ ಬಿಟ್ಟು ಬಂದ ಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಊರಲ್ಲಿ ಅಣ್ಣನ ಜೊತೆಗಿದ್ದ ಅಪ್ಪನಿಗೆ ಫೋನಿನಲ್ಲಿ ಎಲ್ಲದರ ವರದಿ ಒಪ್ಪಿಸುತ್ತಿದ್ದಳು. “ಅಪ್ಪಾ, ಇವತ್ತೂ ನಿನ್ನ ಸಾಯಿಸಿ ಬಂದೆ.”

“ಸಾಯಿಸು ಪುಟ್ಟಿ, ಸಾಯಿಸು! ಸುಳ್ಳು ಸುಳ್ಳೇ ಸತ್ತಷ್ಟೂ ನಂಗೆ ಆಯಸ್ಸು ಜಾಸ್ತಿ. ಎಲ್ಲಿ ನಿನ್ನ ಅಳುಮುಂಜಿ ಡಾಕ್ಟ್ರು? ಕೊಡು ಫೋನು.”

ಅವರಿಬ್ಬರ ಹರಟೆ ಶುರುವಾದರೆ ಇವಳು ಲೆಕ್ಕಕ್ಕೇ ಇಲ್ಲ. ಅಪ್ಪನಿಲ್ಲದೆ ಬೆಳೆದ ಅವನು ಆ ಕರೆಗೆ ಇವಳಿಗಿಂತ ಹೆಚ್ಚು ಕಾಯುತ್ತಿದ್ದ.

ನಿನ್ನೆ ಸಂಜೆ ಬಸ್ ನಿಲ್ದಾಣದಲ್ಲಿ ಅವಳೇ ಧೈರ್ಯ ಮಾಡಿದ್ದಳು. “ನಂಗೆ ನೀನಂದ್ರೆ ಇಷ್ಟ ಕಣೋ.”

“ನಾಳೆ ಹೇಳ್ತೀನಿ” ಎಂದು ನಕ್ಕು ಅವನು ಬಸ್ ಹತ್ತಿದ್ದ.

ಇವತ್ತು ಬೆಳಗಿನಿಂದ ಫೋನೇ ಎತ್ತುತ್ತಿಲ್ಲ! ‘ಛೇ, ಇದ್ದ ಸ್ನೇಹವನ್ನೂ ಕೈಯಾರೆ ಕಳ್ಕೊಂಡೆನಲ್ಲ...’ ಕೆಲಸಕ್ಕೆ ಕೂತರೂ ಅವಳಿಗೆ ಅದೇ ಸಂಕಟ.

ಮಧ್ಯಾಹ್ನ ಅವನ ಸರದಿ ಬಂತು. ಮೈಮೇಲೆ ಕೋಟಿರಲಿಲ್ಲ. ಕುರ್ಚಿ ಎಳೆದುಕೊಂಡು ಅವಳೆದುರು ಕುಳಿತ. ಅವಳೇ ಕಲಿಸಿದ್ದಳು, ನಿಂತುಕೊಂಡು ಹೇಳಬಾರದು, ಸುತ್ತಿ ಬಳಸಿ ಹೇಳಬಾರದು ಎಂದು.

“ಬೆಳಿಗ್ಗೆ ಅಪ್ಪನ ಫೋನಿಂದ ನಿಮ್ಮಣ್ಣ ಕರೆ ಮಾಡಿದ್ರು. ಅಪ್ಪಂಗೆ ಎದೆನೋವು ಬಂತಂತೆ. ಆಸ್ಪತ್ರೆಗೆ ಕರ್ಕೊಂಡ್ ಹೋದ್ರು. ಅಪ್ಪ... ತೀರ್ಕೊಂಡ್ರು.”

ಓಹೋ! ನಿನ್ನೆಯ ಮಾತಿಗೆ ಉತ್ತರ ಕೊಡಲಾಗದೆ ಪಾಠದ ಹಿಂದೆ ಅಡಗುತ್ತಿದ್ದಾನೆ! ಅವಳಿಗೆ ಮೈಯೆಲ್ಲ ಉರಿಯಿತು.

“ಪರವಾಗಿಲ್ವೇ, ನೇರವಾಗಿ ಹೇಳಿದೆ. ಕೋಟು ಹಾಕಿಲ್ಲ, ಅದಕ್ಕೆ ಮಾರ್ಕ್ಸ್ ಕಟ್. ಇವತ್ತು ಅಳಲಿಲ್ಲ, ಸದ್ಯ! ಪಾಸ್, ಹೋಗು.”

ಗಂಟೆ ಹೊಡೆಯಿತು.

“ಮುಗೀತು, ಏಳು. ಮುಂದಿನವರು ಬರಬೇಕು.”

ಅವನು ಏಳಲಿಲ್ಲ. ಅವಳ ಎರಡೂ ಕೈಗಳನ್ನು ಹಿಡಿದುಕೊಂಡ. ಬಾಗಿಲು ತೆರೆದ ಮುಂದಿನ ವಿದ್ಯಾರ್ಥಿನಿ ಅವನ ಮುಖ ನೋಡಿ ಸದ್ದಿಲ್ಲದೆ ಹಿಂದೆ ಸರಿದಳು.

“ಏಳೋ...” ಅವಳ ದನಿ ಸಣ್ಣಗಾಯಿತು. “ಗಂಟೆ ಆಯ್ತಲ್ಲೋ... ನಿನ್ನ ಕಾಲಿಗೆ ಬೀಳ್ತೀನಿ, ಎದ್ದೇಳೋ!”

ಅವನು ಅಲ್ಲಾಡಲಿಲ್ಲ.

ಅಪ್ಪನ ಸಾವಿಗೆಂದು ಎಷ್ಟೋ ಸಲ ಅತ್ತವಳಿಗೆ ಈಗ ಅಳುವುದು ಹೇಗೆಂದೇ ತಿಳಿಯಲಿಲ್ಲ.

“ನಾನೇ... ನಾನೇ ದಿನಾ ಸಾಯಿಸ್ತಿದ್ದೆ ಕಣೋ. ನನ್ನ ಬಾಯಿಗೆ ಬೆಂಕಿ ಹಾಕ...”

“ಹಾಗನ್ಬೇಡ ಕಣೇ. ನಿನ್ನೆ ಮನೆಗೆ ಹೋದವನೇ ಅವರಿಗೆ ಫೋನ್ ಮಾಡ್ದೆ. ನಿಮ್ಮ ಮಗಳನ್ನ ಕೊಡ್ತೀರಾ ಅಂತ ಕೇಳ್ದೆ. ಅದಕ್ಕೇ ನಿಂಗೆ ನಾಳೆ ಅಂದಿದ್ದು. ‘ಕೊನೆಗೂ ಕೇಳಿದ್ರಲ್ಲ ಡಾಕ್ಟ್ರೇ’ ಅಂತ ಎಷ್ಟು ನಕ್ಕರು ಗೊತ್ತಾ? ಅದೇ ಖುಷೀಲಿ ಮಲಗಿದ್ರಂತೆ.”

ಅವಳು ಕೈ ಬಿಡಿಸಿಕೊಂಡು ಫೋನಿಗೆ ತಡಕಾಡಿದಳು.

“ನಿನ್ನ ಪರೀಕ್ಷೆ ಮುಗಿಯೋವರೆಗೂ ನಿಂಗೆ ಹೇಳ್ಬೇಡ ಅಂದ್ರು ನಿಮ್ಮಣ್ಣ. ನನ್ ಕೈಲಾಗಲ್ಲ ಅಂದೆ. ಇಷ್ಟು ಹೊತ್ತೂ ಅವರನ್ನೇ ಒಪ್ಪಿಸ್ತಿದ್ದೆ, ಅದಕ್ಕೇ ನಿನ್ ಫೋನ್ ಎತ್ತಲಿಲ್ಲ. ನೀನು ಬರೋವರೆಗೂ ಅಪ್ಪನ್ನ ಇಟ್ಟಿರ್ತಾರೆ. ಸಂಜೆ ವಿಮಾನ. ನಾನೂ ಬರ್ತಿದೀನಿ.”

ಆಗ ಒಡೆಯಿತು ಅಳು. ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಅವನೆದೆಗೆ ಹಣೆಯಿಟ್ಟು ಅತ್ತಳು. ಅವಳ ನೆತ್ತಿಯ ಮೇಲೂ ಬಿಸಿ ಹನಿಗಳು ಬೀಳತೊಡಗಿದವು.

“ಸತ್ತಿದ್ದು... ನಮ್ಮಪ್ಪ. ನೀನ್ಯಾಕೋ... ಅಳ್ತೀಯ?”

“ಅಪ್ಪ ಅನ್ನೋಕೆ ನಂಗೂ ಅವರೊಬ್ಬರೇ ಇದ್ದಿದ್ದು ಕಣೇ.”