ಮಾನಸ ಎಳೆದ ನೇರ ಗೆರೆ

ಎಲ್ಲರ ಭಾರವನ್ನೂ ಹೊತ್ತು, ಎಲ್ಲವನ್ನೂ ಒಡಲಲ್ಲಿ ಕಾಪಿಟ್ಟುಕೊಂಡು, ತುಳಿದವರನ್ನೂ ಅಗೆದವರನ್ನೂ ತಾಯಿಯಂತೆ ಕ್ಷಮಿಸುವ ಭೂದೇವಿಗೆ ಮೊದಲ ನಮಸ್ಕಾರ. ಆಕೆಯ ಮಡಿಲಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳಹೊರಟ ಈ ನಾಲಿಗೆಗೆ ಆಕೆಯೇ ಬಲವಾಗಲಿ.

ರಂಗೋಲಿ ಡಬ್ಬಿಯ ಮುಚ್ಚಳ ತೆರೆಯುತ್ತಿದ್ದ ಮಾನಸಳ ಕೈ ಹಾಗೆಯೇ ನಿಂತುಬಿಟ್ಟಿತು.

ಅವಳು ಮನೆಯ ಮುಂದೆ ಗುಡಿಸಿ, ಸಗಣಿ ನೀರು ಹಾಕಿ, ಆಗಷ್ಟೇ ತಲೆಯೆತ್ತಿದ್ದಳು. ಬೀದಿಯುದ್ದಕ್ಕೂ ಒಂದು ಬಿಳಿಯ ಗೆರೆ. ಎಡಮನೆಯ ಮುಂದೆ ಅದು ಬಂದು ನಿಂತಿತ್ತು. ಬಲಮನೆಯ ಮುಂದೆ ಮತ್ತೆ ಹೊರಟಿತ್ತು. ನಡುವೆ ಅವಳ ಮನೆಯ ಮುಂದೆ ಮಾತ್ರ ಹಸಿ ಸಗಣಿಯ ಹಸಿರು.

ಹಳೆಯ ರಂಗೋಲಿಯನ್ನು ಅಳಿಸದೆ ಹೊಸದನ್ನು ಹಾಕಬಾರದೆಂಬುದು ಅಜ್ಜಿ ಪಾಲಮ್ಮನ ಕಟ್ಟಪ್ಪಣೆ. ಮಬ್ಬು ಬೆಳಕಿನಲ್ಲಿ ಮಾನಸ ಅಪ್ಪ ನಿನ್ನೆ ಸಂಜೆ ಎಳೆದಿದ್ದ ಗುರುತಿನ ಗೆರೆಯನ್ನೇ ಹಳೆಯ ರಂಗೋಲಿಯೆಂದು ಬಗೆದು ತೊಳೆದುಬಿಟ್ಟಿದ್ದಳು.

ಅವಳ ಅಪ್ಪ ರಂಗೇಶ ಹೊಳಲ್ಕೆರೆಯಲ್ಲಿ ಸಣ್ಣ ಕಂಟ್ರಾಕ್ಟರು. ತಮ್ಮ ಬೀದಿಗೇ ಕುಡಿಯುವ ನೀರಿನ ಹೊಸ ಪೈಪು ಹಾಕುವ ಕೆಲಸ ಅವನಿಗೆ ಸಿಕ್ಕಿತ್ತು. ಆ ಇಕ್ಕಟ್ಟಿನಲ್ಲಿ ಜೆಸಿಬಿ ತಿರುಗದು. ತಿರುಗಿದರೂ ಅದರ ಹಲ್ಲಿಗೆ ಮಣ್ಣು ಯಾವುದು, ಮಣ್ಣಿನೊಳಗಿನ ವೈರು ಯಾವುದು ಎಂಬುದು ತಿಳಿಯದು.

ಅದಕ್ಕೆಂದೇ ಅವನು ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಮಷಿನ್ ಒಂದನ್ನು ತಂದಿದ್ದ. ಅದು ಒಂದು ಕೊಳವೆಯಿಂದ ಸೂಜಿಯಂಥ ನೀರಿನ ಧಾರೆ ಬಿಟ್ಟು ಮಣ್ಣನ್ನು ಕರಗಿಸುತ್ತದೆ. ಇನ್ನೊಂದು ದಪ್ಪ ಕೊಳವೆಯಿಂದ ಆ ಕೆಸರನ್ನು ಹೀರಿ ತನ್ನ ಟ್ಯಾಂಕಿಗೆ ತುಂಬಿಕೊಳ್ಳುತ್ತದೆ. ಒಳಗಿರುವ ಪೈಪಿಗೂ ವೈರಿಗೂ ಒಂದು ಗೀರೂ ಆಗುವುದಿಲ್ಲ. ಮೊದಮೊದಲು ಬೀದಿಯವರು ಅದನ್ನು ಕಕ್ಕಸು ಗುಂಡಿ ಖಾಲಿ ಮಾಡುವ ಗಾಡಿಯೆಂದು ತಿಳಿದು ಮೂಗು ಮುಚ್ಚಿಕೊಂಡಿದ್ದರು. ಮಾನಸಳ ಕ್ಲಾಸಿನ ಹುಡುಗರು ಈಗಲೂ ಅದನ್ನು ಕಂಡರೆ ಬೇಕೆಂದೇ ಮೂಗು ಮುಚ್ಚುತ್ತಾರೆ.

ಬೀದಿಯ ಕೊನೆಯ ನೀರಿನ ಮೋಟಾರಿಗೆ ಹೋಗುವ ಕರೆಂಟಿನ ಕೇಬಲ್ಲು ನೆಲದಡಿಯಲ್ಲಿತ್ತು. ಕರೆಂಟ್ ಆಫೀಸಿನ ನಕ್ಷೆ ಅದನ್ನು ರಸ್ತೆಯ ಆ ಬದಿಗೆ ತೋರಿಸಿತ್ತು. ನಿನ್ನೆ ಮಷಿನ್ನಿನಿಂದ ಅಲ್ಲಲ್ಲಿ ಸಣ್ಣ ಗುಂಡಿ ತೆಗೆದು ನೋಡಿದರೆ ಅದು ಈ ಬದಿಗೇ ಇತ್ತು. ದನಕರು ಬೀಳದಿರಲೆಂದು ರಂಗೇಶ ಸಂಜೆಯೇ ಗುಂಡಿಗಳನ್ನು ಮುಚ್ಚಿಸಿ, ಕೇಬಲ್ಲು ಹೋದ ದಾರಿಯ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿದ್ದ. ಬೆಳಗ್ಗೆ ಯಾರೂ ಅಂಗಳಕ್ಕೆ ನೀರು ಹಾಕಬಾರದೆಂದು ಮನೆಮನೆಗೂ ಹೋಗಿ ಹೇಳಿದ್ದ. ತನ್ನ ಮನೆಯಲ್ಲಿ ಹೇಳುವುದನ್ನೇ ಮರೆತಿದ್ದ.

ಅಪ್ಪ ಒಳಗೆ ಹಲ್ಲುಜ್ಜುತ್ತಿದ್ದ. ಹೇಳಿದರೆ ಬಯ್ಯುತ್ತಾನೆಂದು ಅವಳಿಗೆ ಭಯ. ನಿನ್ನೆ ಹೋಂವರ್ಕ್ ಮಾಡುತ್ತಾ ಕಿಟಕಿಯಿಂದ ಕಂಡದ್ದನ್ನು ಮಾನಸ ನೆನಪಿಸಿಕೊಳ್ಳಲು ನೋಡಿದಳು. ಎಲ್ಲೋ ಗೆರೆ ಸ್ವಲ್ಪ ವಾಲಿದಂತಿತ್ತು. ಎತ್ತ ಕಡೆಗೆ? ನೆನಪಾಗಲಿಲ್ಲ.

ಅವಳು ಪುಡಿಯನ್ನು ಬೆರಳ ನಡುವೆ ಹಿಡಿದು, ಎಡದ ತುದಿಯಿಂದ ಬಲದ ತುದಿಗೆ ಒಂದೇ ಉಸಿರಿನಲ್ಲಿ ಗೆರೆ ಎಳೆದಳು. ದಾರ ಹಿಡಿದಂತೆ ನೇರವಾಗಿ ಬಂತು. ಅಷ್ಟು ನೇರವಾದ ಗೆರೆ ತಪ್ಪಾಗಿರಬಹುದೆಂದು ಯಾರಿಗೂ ತೋರುವಂತಿರಲಿಲ್ಲ.

ಎಂಟೂವರೆಗೆ ಕಾಟಪ್ಪ ಬಂದ. ಅವನು ರಂಗೇಶನ ಜೊತೆ ಹತ್ತು ವರ್ಷದಿಂದ ಗುದ್ದಲಿ ಹಿಡಿದವನು, ಮಾತಿಗೆ ಮಾತು ಪೋಣಿಸುವವನು. ಗೆರೆಯಿಂದ ಮನೆಯ ಕಡೆಗೆ ಒಂದು ಮೊಳ ಬಿಟ್ಟು ಅವನು ಪೈಪಿನ ಕಾಲುವೆ ತೋಡಬೇಕಿತ್ತು.

"ಏನ್ ರಂಗೇಶಣ್ಣ, ನಿನ್ ಮನೆ ಮುಂದೆ ಮಾತ್ರ ಗೀಟು ಇಷ್ಟು ಚೆಂದ ಬಂದೈತೆ? ಹೆಂಡ್ತಿಗೆ ಹೆದರ್ಕೊಂಡು ಎಳ್ದಿದ್ದಾ?" ಎಂದ.

ರಂಗೇಶ ಫೋನಿನಲ್ಲಿದ್ದ. ಗೆರೆಯತ್ತ ಒಮ್ಮೆ ನೋಡಿದ, ನಕ್ಕ, ಮಾತು ಮುಂದುವರಿಸಿದ. ಮಾನಸ ಬ್ಯಾಗು ಹೆಗಲಿಗೇರಿಸಿ ಸರಸರನೆ ನಡೆದಳು. ಸಂಜೆ ಬರುವ ಹೊತ್ತಿಗೆ ಪೈಪು ಕೂತಿರುತ್ತದೆ, ಗೆರೆಯೇ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಬೀದಿಯ ತಿರುವಿನಲ್ಲಿ ತಡೆಯಲಾರದೆ ಹಿಂತಿರುಗಿ ನೋಡಿದಳು.

ಕಾಟಪ್ಪ ಚಪ್ಪಲಿ ಬಿಡುತ್ತಿದ್ದ. ದಿನದ ಮೊದಲ ಏಟು ಹಾಕುವ ಮುನ್ನ ಅವನು ಎಂದೂ ಚಪ್ಪಲಿ ಮೆಟ್ಟಿ ನಿಲ್ಲುವವನಲ್ಲ. ಭೂಮಿತಾಯಿಯನ್ನು ನೋಯಿಸುವ ಮೊದಲು ಬರಿಗಾಲಲ್ಲಿ ನಿಂತು, ಚಿಟಿಕೆ ಮಣ್ಣನ್ನು ಕಣ್ಣಿಗೊತ್ತಿಕೊಳ್ಳುವುದು ಅವನ ಅಪ್ಪನಿಂದ ಬಂದ ವಾಡಿಕೆ. ಅವನು ಬಗ್ಗಿದ. ಮಣ್ಣು ಮುಟ್ಟಿದ. ಅವಳು ಹಾಕಿದ ನೀರಿನಲ್ಲಿ ಇನ್ನೂ ತೇವವಾಗಿದ್ದ ನೆಲದ ಮೇಲೆ ಅವನ ಎರಡು ಬರಿಗಾಲುಗಳು.

ದೂರದಲ್ಲಿ ಮೋಟಾರು ಗುಂಯ್ಗುಡುತ್ತಿತ್ತು. ಅಂದರೆ ನೆಲದೊಳಗೆ ಕರೆಂಟು ಓಡುತ್ತಿತ್ತು.

ಮಾನಸ ಓಡಿದಳು. ಬ್ಯಾಗು ಬೆನ್ನಿಗೆ ಬಡಿಯುತ್ತಿತ್ತು. ಕಾಟಪ್ಪ ಗುದ್ದಲಿ ಎತ್ತುವಷ್ಟರಲ್ಲಿ ಅವನ ಮುಂದೆ ಹೋಗಿ ನಿಂತಳು.

"ಹೊಡೀಬ್ಯಾಡ ಕಾಟಪ್ಪಣ್ಣ. ಆ ಗೀಟು ಅಪ್ಪಂದಲ್ಲ. ನಂದು."

ಕಾಟಪ್ಪ ಗುದ್ದಲಿಯನ್ನು ಮೆಲ್ಲಗೆ ಕೆಳಗಿಳಿಸಿದ. ರಂಗೇಶ ಫೋನನ್ನು ಜೇಬಿಗೆ ಹಾಕಿದ. ಮಾನಸ ಎಲ್ಲವನ್ನೂ ಹೇಳಿದಳು. ಗುಡಿಸಿದ್ದು, ನೀರು ಹಾಕಿದ್ದು, ಗೆರೆ ಸೇರಿಸಿದ್ದು, ಹೇಳದೆ ಹೊರಟದ್ದು. ಜಗಲಿಯ ಮೇಲಿದ್ದ ಪಾಲಮ್ಮ, ನೀರು ಹಾಕೆಂದವಳು ತಾನು, ಬಯ್ಯುವುದಿದ್ದರೆ ತನ್ನನ್ನೇ ಬಯ್ಯಲಿ ಎಂದಳು.

ರಂಗೇಶ ಯಾರನ್ನೂ ಬಯ್ಯಲಿಲ್ಲ.

"ಊರಿಗೆಲ್ಲಾ ಹೇಳಿ ನಮ್ಮನೇಗೆ ಹೇಳ್ಲಿಲ್ಲ ನಾನು," ಎಂದ. "ನನ್ ಗೀಟು ನಾನೇ ಗುರುತು ಹಿಡೀಲಿಲ್ಲ. ಬಾ, ಎಲ್ಲಿಂದ ಎಲ್ಲೀ ತಂಕ ಅಳಿಸ್ದೆ, ತೋರ್ಸು."

ಅವಳು ತೋರಿಸಿದಳು. ರಂಗೇಶ ಜೀಪನ್ನು ಹಿಂದಕ್ಕೆ ತಂದು ಮಷಿನ್ನನ್ನು ಮನೆಯ ಮುಂದೆ ನಿಲ್ಲಿಸಿದ. ಬೆಳಗಿನ ಕೆಲಸ ಹೋಯಿತೆಂದು ಕಾಟಪ್ಪ ಗೊಣಗಲಿಲ್ಲ. ಸದ್ಯ ಸೊಂಟಕ್ಕೆ ರಜೆ ಸಿಕ್ಕಿತೆಂದು ನಕ್ಕು ಕೊಳವೆ ಹಿಡಿದ.

ನೀರಿನ ಧಾರೆ ನೆಲವನ್ನು ಕೊರೆಯಿತು. ದಪ್ಪ ಕೊಳವೆ ಗೊರಗೊರ ಸದ್ದು ಮಾಡುತ್ತಾ ಕೆಸರನ್ನು ಹೀರಿತು. ಮೊಳಕಾಲುದ್ದದ ಗುಂಡಿಯಾಯಿತು. ಅದರಲ್ಲಿ ಒಂದು ಹಳೆಯ ಹಾಸುಗಲ್ಲಿನ ಅಂಚು ಕಂಡಿತು. ಕಲ್ಲನ್ನು ಒಡೆಯಲಾರದೆ, ಅಂದು ಯಾರೋ ಕೇಬಲ್ಲನ್ನು ಅದರ ಪಕ್ಕಕ್ಕೆ ಬಳಸಿ ತಂದಿದ್ದರು.

ಕಪ್ಪಗೆ, ಮುಂಗೈಯಷ್ಟು ದಪ್ಪದ ಕೇಬಲ್ಲು. ಮಾನಸಳ ಗೆರೆಯಿಂದ ಒಂದು ಮೊಳ ದೂರ, ಮನೆಯ ಕಡೆಗೆ.

ಕಾಟಪ್ಪ ಮಷಿನ್ ನಿಲ್ಲಿಸಿದ. ಗುಂಡಿಯ ಅಂಚಿನಲ್ಲಿ ಅವನದೇ ಹೆಜ್ಜೆಗುರುತು ಇನ್ನೂ ಅರ್ಧ ಉಳಿದಿತ್ತು. ಅವನು ಅದನ್ನು ನೋಡಿದ, ಕೇಬಲ್ಲನ್ನು ನೋಡಿದ. ಮಾನಸಳ ತಲೆಯ ಮೇಲೆ ಕೈಯಿಟ್ಟ. ಕೈ ಕೆಸರಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಮೂರು ಗುಂಡಿಗಳಾದವು. ಈ ಸಲ ಅವನ್ನು ಮುಚ್ಚದೆ, ಸುತ್ತ ಹಗ್ಗ ಕಟ್ಟಿದರು. ಸ್ಕೂಲಿಗೆ ತಡವಾದದ್ದಕ್ಕೆ ರಂಗೇಶನೇ ಮೇಷ್ಟರಿಗೆ ಫೋನ್ ಮಾಡಿದ. ಕಾಲುವೆಯನ್ನು ರಸ್ತೆಯ ಕಡೆಗೆ ಸರಿಸುವುದೆಂದಾಯಿತು.

ಕಾಟಪ್ಪ ಹೊಸ ಜಾಗದಲ್ಲಿ ಚಪ್ಪಲಿ ಬಿಟ್ಟು ನಿಂತ. ಗುದ್ದಲಿ ಹಿಡಿದು ರಂಗೇಶನ ಕಡೆಗೆ ನೋಡಲಿಲ್ಲ, ಮಾನಸಳ ಕಡೆಗೆ ತಿರುಗಿದ.

"ಏನವ್ವ, ಇಲ್ಲಿ ಹೊಡೀಲಾ?"

ಹೂಂ ಎನ್ನಲು ಅವಳು ಬಾಯಿ ತೆರೆದಳು. ಮೂರು ಗುಂಡಿಗಳನ್ನೂ ಅವಳು ಆಗಲೇ ನೋಡಿದ್ದಳು, ಕೇಬಲ್ಲಿನ ದಾರಿ ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಮುಚ್ಚಿದಳು. ಬ್ಯಾಗನ್ನು ಕೆಳಗಿಟ್ಟು ಮೊದಲ ಗುಂಡಿಯ ಬಳಿ ಹೋಗಿ ಬಗ್ಗಿ ನೋಡಿದಳು. ಎರಡನೆಯದನ್ನು ನೋಡಿದಳು. ಮೂರನೆಯದನ್ನೂ ನೋಡಿ ಬಂದಳು. ಅಲ್ಲಿಯವರೆಗೂ ಕಾಟಪ್ಪ ಅಲ್ಲಾಡದೆ ಕಾದ.

"ಹೊಡಿಯಣ್ಣ," ಎಂದಳು.

ಈ ಕತೆಯನ್ನು ಓದಿದ, ಕೇಳಿದ ಎಲ್ಲರ ಮನೆಯಂಗಳವೂ ತಂಪಾಗಿರಲಿ. ಬೀದಿಬೀದಿಗಳಲ್ಲಿ ದುಡಿಯುವವರು ಸಂಜೆಗೆ ಸುಖವಾಗಿ ಮನೆ ಸೇರಲಿ. ಮಕ್ಕಳೆಲ್ಲರಿಗೂ ಆಯುಸ್ಸು, ವಿದ್ಯೆ, ನೆಮ್ಮದಿ ತುಂಬಿ ಬರಲಿ.